ಬೆಳೆಯುವುದನ್ನು ನಿಲ್ಲಿಸಿದ ಮನೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದರು ನಮ್ಮ ಹಿರಿಯರು. ಒಂದೇ ಮನೆಯನ್ನು ತಲೆತಲಾಂತರದಿಂದ ಕಟ್ಟುತ್ತಲೇ ಬಂದವರ ಪಾಡು ಹೇಗಿದ್ದೀತು? ಸ್ಕಾಟ್ಲೆಂಡಿನ ದಕ್ಷಿಣ ಭಾಗದಲ್ಲಿ, ಟ್ವೀಡ್ ನದಿಯ ಬಳಿಯಲ್ಲಿರುವ ಟ್ರಕ್ವೇರ್ ಎಂಬ ಮನೆಯ ಕಥೆ ಅಂಥದು. ಆ ಮನೆ ಹೇಗೆ ಬೆಳೆಯಿತೆಂಬುದಕ್ಕಿಂತ ಏಕೆ ಬೆಳೆಯದೆ ಉಳಿಯಿತೆಂಬುದನ್ನು ಹೇಳುವುದೇ ನನ್ನ ಉದ್ದೇಶ.

1107ರಲ್ಲಿಯೇ ಸ್ಕಾಟ್ಲೆಂಡಿನ ದೊರೆ ಒಂದನೆಯ ಅಲೆಕ್ಸಾಂಡರ್ ಇಲ್ಲಿ ತಂಗಿದ್ದನೆಂದು ಪ್ರತೀತಿ. ಅಂದು ಇದು ರಾಜರ ಬೇಟೆಯ ಬೀಡು. ಮುಂದೆ ಇಂಗ್ಲೆಂಡಿನೊಡನೆ ಗಡಿಯ ಕಾಳಗಗಳು ನಡೆದ ಕಾಲದಲ್ಲಿ ಈ ಸೀಮೆಯವರಿಗೆ ಮನೆಯೆಂದರೆ ಗೋಪುರವೇ: ದಪ್ಪ ಗೋಡೆ, ಕಿರುಗಿಂಡಿ, ಇಕ್ಕಟ್ಟಾದ ಸುರುಳಿ ಮೆಟ್ಟಿಲು. 1491ರಲ್ಲಿ ಇದು ಸ್ಟುವರ್ಟ್ ಮನೆತನದ ಕೈಸೇರಿತು. ಹದಿನಾರನೆಯ ಶತಮಾನದಲ್ಲಿ ಗೋಪುರದ ಪಕ್ಕಕ್ಕೆ ಹೊಸ ಭಾಗಗಳು ಕೂಡಿಕೊಂಡವು. ಹದಿನೇಳನೆಯ ಶತಮಾನದಲ್ಲಿ ಒಂದನೆಯ ಅರ್ಲ್ ಮನೆಯನ್ನು ಎತ್ತರಿಸಿದ. ತಳಪಾಯಕ್ಕೆ ತೀರ ಹತ್ತಿರ ಹರಿಯುತ್ತಿದ್ದ ನದಿಯ ಪಾತ್ರವನ್ನೇ ದೂರ ಸರಿಸಿದ. 1690ರ ದಶಕದಲ್ಲಿ ಜೇಮ್ಸ್ ಸ್ಮಿತ್ ಎಂಬ ವಾಸ್ತುಶಿಲ್ಪಿ ಅಂಗಳದ ಎರಡು ಬದಿಗೂ ತಗ್ಗಾದ ಕಟ್ಟಡಗಳನ್ನು ಸೇರಿಸಿದ. ಬೇರೆ ಬೇರೆ ಕಾಲದ ಈ ಭಾಗಗಳನ್ನೆಲ್ಲ ಸುಣ್ಣದ ಗಾರೆಯೊಂದೇ ಹೊದಿಕೆಯಂತೆ ಮುಚ್ಚಿ, ಮನೆಗೆ ಒಂದೇ ಮುಖವನ್ನು ಕೊಟ್ಟಿದೆ.

ಬೆಳವಣಿಗೆ ಬಹುಮಟ್ಟಿಗೆ ಅಲ್ಲಿಗೇ ನಿಂತಿತು. ಕಾರಣ ಅಭಿರುಚಿಯಲ್ಲ, ನಿಷ್ಠೆ. ಪ್ರೊಟೆಸ್ಟಂಟ್ ಮತ ಗೆದ್ದ ನಾಡಿನಲ್ಲಿ ಈ ಮನೆತನ ಕ್ಯಾಥೊಲಿಕ್ ಮತವನ್ನು ಹಿಡಿದು ನಿಂತಿತು. ಮೇಲಂತಸ್ತಿನ ಕೋಣೆಯೊಂದರಲ್ಲಿ ಗುಟ್ಟಾಗಿ ಪೂಜೆ ನಡೆಯುತ್ತಿತ್ತು. ಪಾದ್ರಿ ತಪ್ಪಿಸಿಕೊಳ್ಳಲು ಮಾಡಿದ ಮರೆಯ ಮೆಟ್ಟಿಲು ಇಂದಿಗೂ ಇದೆ. ಸಿಂಹಾಸನ ಕಳೆದುಕೊಂಡ ಸ್ಟುವರ್ಟ್ ರಾಜವಂಶದ ಪಕ್ಷವನ್ನೂ ಇವರು ಬಿಡಲಿಲ್ಲ. 1745ರ ದಂಗೆ ಸೋತ ಮೇಲೆ ಐದನೆಯ ಅರ್ಲ್ ಲಂಡನ್ನಿನಲ್ಲಿ ಸೆರೆಯಾದ. ಹೆಬ್ಬಾಗಿಲ ಕಂಬಗಳ ಮೇಲೆ ಕಲ್ಲಿನ ಕರಡಿಗಳಿವೆ. ರಾಜಕುಮಾರ ಚಾರ್ಲ್ಸ್ ಎಡ್ವರ್ಡ್ ಹೊರಟುಹೋದ ಮೇಲೆ ಮುಚ್ಚಿದ ಆ ಬಾಗಿಲು, ಸ್ಟುವರ್ಟ್ ವಂಶದವನು ಪಟ್ಟವೇರುವವರೆಗೆ ತೆರೆಯದೆಂಬುದು ಐತಿಹ್ಯ. ಅದು ಇನ್ನೂ ಮುಚ್ಚಿಯೇ ಇದೆ.

ಇದೇ ಟ್ವೀಡ್ ನದಿಯ ಕೆಳಹರಿವಿನಲ್ಲಿ ಫ್ಲೋರ್ಸ್ ಎಂಬ ಇನ್ನೊಂದು ಅರಮನೆಯಿದೆ. ಅದರ ಒಡೆಯರು ರಾಜ್ಯದ ಒಲವಿಗೆ ಪಾತ್ರರಾಗಿದ್ದವರು. 1720ರ ದಶಕದಲ್ಲಿ ಕಟ್ಟಿಸಿದ ಸರಳವಾದ ಮನೆಗೆ, 1837ರಿಂದ ಮುಂದೆ ವಿಲಿಯಂ ಪ್ಲೇಫೇರ್‌ನಿಂದ ಶಿಖರಗಳನ್ನೂ ಕಳಶಗಳನ್ನೂ ಇಡಿಸಿ ಅದರ ರೂಪವನ್ನೇ ಬದಲಿಸಿದರು. ಟ್ರಕ್ವೇರ್‌ನವರಿಗೆ ಅಂಥ ಪದವಿಯೂ ಇರಲಿಲ್ಲ, ಹಣವೂ ಇರಲಿಲ್ಲ.

1861ರಲ್ಲಿ ಕೊನೆಯ ಅರ್ಲ್ ಮದುವೆಯಾಗದೆಯೇ ತೀರಿಕೊಂಡ. 1875ರಲ್ಲಿ ಅವನ ಅಕ್ಕ ಲೇಡಿ ಲೂಯಿಸಾ ನೂರರ ಹೊಸ್ತಿಲಲ್ಲಿ ಕಣ್ಣುಮುಚ್ಚಿದಾಗ ಮನೆ ದಾಯಾದಿಗಳಿಗೆ ಸೇರಿತು. ಅವರ ವಂಶದವರು 1965ರಲ್ಲಿ ಹಳೆಯ ಬಿಯರ್ ಭಟ್ಟಿಯನ್ನು ಮತ್ತೆ ಹೊತ್ತಿಸಿದರು. ಈಗ ಜನ ಬಂದು ಮನೆಯನ್ನು ನೋಡಿ ಹೋಗುತ್ತಾರೆ.

ಅವರು ನೋಡಲು ಬರುವುದು ಹದಿನೇಳನೆಯ ಶತಮಾನದ ಮನೆಯನ್ನು. ಗೆದ್ದವರು ತಮ್ಮ ಹಳೆಯ ಮನೆಗಳನ್ನು ಕೆಡವಿ ಕಟ್ಟಿಕೊಂಡರು; ಸೋತವರು ಇದ್ದುದರಲ್ಲಿಯೇ ಬಾಳಿದರು. ಆ ಸೋಲಿನ ದೆಸೆಯಿಂದಲೇ ಹಳೆಯ ಸ್ಕಾಟ್ಲೆಂಡಿನ ಒಂದು ಮನೆ ನಮಗೆ ಉಳಿದು ಬಂದಿತೆಂದು ನನ್ನ ಭಾವನೆ.