ಜೀವಕೋಶದ ಪಾಠದೋಷಗಳು ಮತ್ತು ಅರ್ಬುದರೋಗ

ಜಾವಗಲ್ಲಿನ ಲಕ್ಷ್ಮೀನರಸಿಂಹ ದೇವಾಲಯದಲ್ಲಿ ಶಿಲ್ಪಿ ಮಲ್ಲಿತಮ್ಮನ ಹೆಸರನ್ನು ಕೊರೆದ ವಿಗ್ರಹಗಳಿವೆ. ಕಲ್ಲಿನ ಬರಹವು ಒಮ್ಮೆ ಬರೆದಂತೆಯೇ ನಿಲ್ಲುತ್ತದೆ. ಓಲೆಗರಿಯ ಗತಿ ಬೇರೆ. ಮೇಲಿಂದ ಮೇಲೆ ನಕಲಾಗಬೇಕಾದ ಗ್ರಂಥದಲ್ಲಿ ಲಿಪಿಕಾರನು ಎಷ್ಟೇ ಎಚ್ಚರದಿಂದಿದ್ದರೂ ಪಾಠದೋಷಗಳು ನುಸುಳುವುವು. ನಮ್ಮ ದೇಹದ ಜೀವಕೋಶಗಳು ಈ ಎರಡನೆಯ ವರ್ಗಕ್ಕೆ ಸೇರಿದವು.

ಇತಿಹಾಸದ ಅಧ್ಯಾಪಕರಾದ ನಾವು ಈ ವಿಷಯವನ್ನು ಎತ್ತಿಕೊಂಡುದಕ್ಕೆ ಕಾರಣವುಂಟು. ಮನೆಯಲ್ಲೊಬ್ಬರಿಗೆ ಕ್ಯಾನ್ಸರ್ ಬಂದಾಗ ‘ಯಾವ ಪಾಪದ ಫಲವೋ’ ಎನ್ನುವವರನ್ನು ನಾವು ಈ ಸೀಮೆಯಲ್ಲಿ ಕಂಡಿದ್ದೇವೆ. ರೋಗವನ್ನು ಮುಚ್ಚಿಟ್ಟು ಕಾಲ ಕಳೆದವರನ್ನೂ ಕಂಡಿದ್ದೇವೆ.

ಕೋಶದ ಡಿಎನ್‌ಎಯಲ್ಲಿ ಸುಮಾರು 300 ಕೋಟಿ ಅಕ್ಷರಜೋಡಿಗಳ ಬರಹವು ಎರಡು ಪ್ರತಿಗಳಲ್ಲಿರುತ್ತದೆ. ಕೋಶವು ಇಬ್ಭಾಗವಾಗುವಾಗಲೆಲ್ಲ ಇದು ಪೂರ್ತಿ ನಕಲಾಗಬೇಕು. ತಪ್ಪುಗಳನ್ನು ತಿದ್ದುವ ಕಿಣ್ವಗಳು ಇದ್ದರೂ ಕೆಲವು ಉಳಿದುಬಿಡುತ್ತವೆ. ನಕಲಿಲ್ಲದಿರುವಾಗಲೂ ಸೈಟೊಸಿನ್ ಎಂಬ ಅಕ್ಷರವು ದೇಹದ ಸಹಜ ಕಾವಿನಲ್ಲಿ ತಾನಾಗಿಯೇ ಮಾರ್ಪಡುವುದುಂಟು. ದೇಹಕೋಶದ ಇಂಥ ವಿಕೃತಿ ಆ ಕೋಶದ ಸಂತತಿಗೆ ಮಾತ್ರ ಹೋಗುತ್ತದೆ, ಮಕ್ಕಳಿಗೆ ಹೋಗುವುದಿಲ್ಲ. ಬಹುಪಾಲು ನಿರಪಾಯಕರ. ಆದರೆ ‘ಕೊಡು’ ಎಂಬಲ್ಲಿ ಒಂದು ಗುಣಿತಾಕ್ಷರ ತಪ್ಪಿ ‘ಕೆಡು’ ಆದರೆ ಶಾಸನದ ಅರ್ಥವೇ ತಲೆಕೆಳಗಾಗುವುದಷ್ಟೆ! 1982ರಲ್ಲಿ ಮೂತ್ರಕೋಶದ ಕ್ಯಾನ್ಸರಿನಿಂದ ಬೆಳೆಸಿದ ಕೋಶಗಳಲ್ಲಿ ಕಂಡುದು ಇದನ್ನೇ: ರಾಸ್ ಎಂಬ ಜೀನಿನಲ್ಲಿ ಒಂದೇ ಅಕ್ಷರ ಬದಲಾಗಿ, ‘ಬೆಳೆ’ ಎಂಬ ಆಜ್ಞೆ ನಿಲ್ಲದಂತಾಗಿತ್ತು.

ಒಂದು ತಪ್ಪಿನಿಂದಲೇ ಸಾಮಾನ್ಯವಾಗಿ ರೋಗವಾಗದು. ಬೆಳವಣಿಗೆಯನ್ನು ತಡೆಯುವ ಪಿ53ರಂಥ ಜೀನುಗಳೂ ಕೆಡಬೇಕು. ಇವೆಲ್ಲ ಒಂದೇ ಕೋಶವಂಶದಲ್ಲಿ ಕೂಡಿಬರಲು ದಶಕಗಳು ಬೇಕಾಗಬಹುದು. ವೃದ್ಧಾಪ್ಯದಲ್ಲಿ ರೋಗ ಹೆಚ್ಚುವುದಕ್ಕೆ ಇದೊಂದು ಮುಖ್ಯ ಕಾರಣ. ನಮಗೆ ಅತ್ಯಂತ ಸ್ವಾರಸ್ಯವೆನಿಸಿದುದು ಮತ್ತೊಂದು. ಎರಡು ಹಸ್ತಪ್ರತಿಗಳಲ್ಲಿ ಒಂದೇ ವಿಲಕ್ಷಣ ತಪ್ಪುಗಳಿದ್ದರೆ ಅವು ಒಂದೇ ಮಾತೃಪ್ರತಿಯಿಂದ ಬಂದವೆಂದು ಸಂಪಾದಕರು ಊಹಿಸುವರು. ವಿಜ್ಞಾನಿಗಳೂ ಗೆಡ್ಡೆಯ ಬೇರೆ ಬೇರೆ ಭಾಗಗಳ ವಿಕೃತಿಗಳನ್ನು ಹೋಲಿಸಿ ಅದರ ವಂಶವೃಕ್ಷವನ್ನು ಬರೆಯುತ್ತಾರೆ. ಔಷಧಕ್ಕೆ ಜಗ್ಗದ ಕವಲು ಹಲವು ವೇಳೆ ಚಿಕಿತ್ಸೆಗೆ ಮೊದಲೇ ಅಲ್ಲಿ ಇದ್ದುದೆಂದು ಇದರಿಂದ ತಿಳಿದುಬರುತ್ತದೆ.

ಹಾಗೆಂದು ಎಲ್ಲವೂ ಆಕಸ್ಮಿಕವಲ್ಲ. ಹೊಗೆಸೊಪ್ಪು ತಪ್ಪುಗಳನ್ನು ಹೆಚ್ಚಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ, ಹೊಗೆಸೊಪ್ಪಿಲ್ಲದ ಅಡಕೆಯನ್ನೂ ಕ್ಯಾನ್ಸರ್‌ಕಾರಕವೆಂದು ನಿರ್ಣಯಿಸಿದೆ. ಅಡಕೆ ಬೆಳೆಯುವ ನಾಡಿಗೆ ಇದು ಕಹಿಯಾದ ಮಾತು. ಬೆಂಗಳೂರಿನಲ್ಲಿ 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸ್ಮಾರಕ ಸಂಸ್ಥೆಗೆ ಬರುವವರಲ್ಲಿ ಬಾಯಿಯ ರೋಗ ಬಲಿತ ಮೇಲೆ ಬರುವವರೂ ಇದ್ದಾರೆ. ಬಾಯೊಳಗೆ ಮಾಯದೆ ಉಳಿದ ಬಿಳಿಯ ಅಥವಾ ಕೆಂಪು ಮಚ್ಚೆಯಲ್ಲಿ ಈ ತಪ್ಪುಗಳ ಕೆಲವು ಪುಟಗಳು ಆಗಲೇ ಬರೆದಾಗಿರಬಹುದು. ವೈದ್ಯರು ಚೂರು ಮಾಂಸವನ್ನು ತೆಗೆದು ಪರೀಕ್ಷಿಸಿ ಅದನ್ನು ತಿಳಿಯಬಲ್ಲರು.