ಬಾಗುವ ಬಗೆ ನೋಡಿ ಗಳ ಆರಿಸಿ

ಸವದತ್ತಿ ಹತ್ತಿರದ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟೆಯ ಹಿಂದೆ ರೇಣುಕಾಸಾಗರ ಹರಡಿಕೊಂಡಿದೆ. ತುಂಬಿದಾಗ ಸುಮಾರು 37 ಟಿಎಂಸಿ ನೀರು ಹಿಡಿಯುವ ಈ ಜಲಾಶಯ ಬೇಸಿಗೆಯಲ್ಲಿ ಹಿಂದಕ್ಕೆ ಸರಿದಾಗ ಅಂಚಿನಲ್ಲಿ ಉಳಿಯುವುದು ಆಳವಿಲ್ಲದ, ಎರೆಮಣ್ಣು ಕದಡಿದ ನೀರು. ಬೈಲಹೊಂಗಲ, ಕಿತ್ತೂರು ಕಡೆಯ ಕೆರೆಗಳ ದಂಡೆಯಲ್ಲಿ ಆಪು, ಜೊಂಡು, ಅಂತರಗಂಗೆ ಬೆಳೆಯುತ್ತವೆ. ರಾಮದುರ್ಗದ ಕಡೆ ಹೊಳೆ ಸೊರಗಿದಾಗ ಮಡುಗಳಲ್ಲಿ ನೀರು ನಿಲ್ಲುತ್ತದೆ. ಕೊರವ ಅಥವಾ ಮುರ್ರೆಲ್ ಎಂದು ಕರೆಯುವ ಹಾವುತಲೆಯ ಮೀನಿಗೆ ಇದು ಹೇಳಿ ಮಾಡಿಸಿದಂಥ ಜಾಗ. ನೀರಿನಲ್ಲಿ ಉಸಿರು ಸಾಲದಾದಾಗ ಅದು ಮೇಲೆ ಬಂದು ಗಾಳಿ ಕುಡಿಯುತ್ತದೆ. ಗಿಡದ ಮರೆಯಲ್ಲಿ ಅಲುಗದೆ ನಿಂತು, ಕಪ್ಪೆ ಹಾದುಹೋದ ಕೂಡಲೇ ಎರಗುತ್ತದೆ. ಇದನ್ನು ಹಿಡಿಯಲು ರೀಲು ಕಟ್ಟಿದ ಕೋಲು ಹುಡುಕುವವರಿಗೆ ಅಂಗಡಿಯಲ್ಲಿ ಹೆಚ್ಚಾಗಿ ಸಿಗುವುದು ಬ್ಯಾಸ್ ಮೀನಿಗೆಂದು ಮಾಡಿದ ಕೋಲು. ಬ್ಯಾಸ್ ಉತ್ತರ ಅಮೆರಿಕದ ಮೀನು, ನಮ್ಮ ಹೊಳೆಯದಲ್ಲ. ಆದರೂ ಎರಡರ ಬೇಟೆಯ ರೀತಿ ಹತ್ತಿರ ಹತ್ತಿರ ಇರುವುದರಿಂದ ಅಲ್ಲಿನ ಕೋಲು ಇಲ್ಲಿಯೂ ನಡೆಯುತ್ತದೆ. ಯಾವ ಕೋಲು, ಎಷ್ಟರಮಟ್ಟಿಗೆ ಎಂಬುದೇ ಪ್ರಶ್ನೆ.

ಕೋಲನ್ನು ತಾವೇ ಕಟ್ಟಿಕೊಳ್ಳುವವರು ಮೊದಲು ಕೊಳ್ಳುವುದು ಬ್ಲ್ಯಾಂಕ್. ಅಂದರೆ ಹಿಡಿ, ಉಂಗುರ, ರೀಲಿನ ಪೀಠ ಯಾವುದೂ ಇಲ್ಲದ, ಬುಡದಿಂದ ತುದಿಗೆ ಸಣ್ಣಗಾಗುತ್ತ ಹೋಗುವ ಬರೀ ಕೊಳವೆ. ಹಿಡಿ ಹಿಡಿಸದಿದ್ದರೆ ಕಿತ್ತು ಬೇರೆ ಹಾಕಬಹುದು, ಉಂಗುರಗಳ ಜಾಗ ಬದಲಿಸಬಹುದು. ಬ್ಲ್ಯಾಂಕಿನ ಗುಣವನ್ನು ಮಾತ್ರ ಆಮೇಲೆ ತಿದ್ದಲಾಗದು, ಹಾಗಾಗಿ ಕೆಲಸದ ಅರ್ಧ ಭಾಗ ಆಯ್ಕೆಯಲ್ಲೇ ಮುಗಿದಿರುತ್ತದೆ. ಆದರೆ ಹೆಚ್ಚಿನವರು ನೋಡುವುದು ಒಂದೇ ಸಂಖ್ಯೆ: 24 ಟನ್, 30 ಟನ್, 40 ಟನ್ ಕಾರ್ಬನ್. ಟನ್ ಹೆಚ್ಚಿದಷ್ಟೂ ಬೆಲೆ ಏರುತ್ತದೆ, ಬೆಲೆಯ ಜೊತೆ ನಂಬಿಕೆಯೂ ಏರುತ್ತದೆ. ಈ ಸಂಖ್ಯೆ ಸುಳ್ಳಲ್ಲ, ಆದರೆ ಅದು ಹೇಳುವುದು ನಾರಿನ ಬಗ್ಗೆ, ಕೋಲಿನ ಬಗ್ಗೆ ಅಲ್ಲ. ಕೋಲನ್ನು ಆರಿಸಬೇಕಾದದ್ದು ಅದು ಎಲ್ಲಿ, ಎಷ್ಟು ಭಾರಕ್ಕೆ, ಹೇಗೆ ಬಾಗುತ್ತದೆ ಎಂಬುದರಿಂದ.

ಟನ್ ಎಂಬುದು ನಾರು ಎಳೆತಕ್ಕೆ ಎಷ್ಟು ಹಿಗ್ಗದೆ ನಿಲ್ಲುತ್ತದೆ ಎಂಬುದರ ಅಳತೆ, ಚದರ ಮಿಲಿಮೀಟರಿಗೆ ಇಷ್ಟು ಟನ್ ಎಂಬ ಲೆಕ್ಕದಲ್ಲಿ. ಕೋಲಿನ ಬಿಗುವು ಈ ಗುಣವನ್ನೂ ಕೊಳವೆಯ ಆಕಾರವನ್ನೂ ಗುಣಿಸಿದಾಗ ಬರುತ್ತದೆ. ನಾರಿನ ಪಾಲು ಏರುವುದು ನೇರ ಪ್ರಮಾಣದಲ್ಲಿ. ಆಕಾರದ ಪಾಲು ಹಾಗಲ್ಲ. ಗೋಡೆ ತೆಳುವಾಗಿದ್ದು ಅದರ ದಪ್ಪ ಬದಲಾಗದಿದ್ದರೆ, ಬಿಗುವು ವ್ಯಾಸದ ಘನಕ್ಕೆ ತಕ್ಕಂತೆ ಏರುತ್ತದೆ. ವ್ಯಾಸ ಎರಡರಷ್ಟಾದರೆ ತೂಕ ಎರಡರಷ್ಟು, ಬಿಗುವು ಎಂಟರಷ್ಟು. 24 ಟನ್ ನಾರು ಬಿಟ್ಟು 30 ಟನ್ ನಾರು ಹಾಕಿದರೆ ಬಿಗುವು ಸುಮಾರು ಕಾಲುಭಾಗ ಹೆಚ್ಚುತ್ತದೆ. ನಾರು ಬದಲಿಸದೆ, 10 ಮಿಲಿಮೀಟರ್ ವ್ಯಾಸದ ಕೊಳವೆಯನ್ನು 10.8 ಮಿಲಿಮೀಟರ್ ಮಾಡಿದರೂ ಅಷ್ಟೇ ಹೆಚ್ಚುತ್ತದೆ. ಒಂದು ಮಿಲಿಮೀಟರಿಗೂ ಕಡಿಮೆ! ತಯಾರಕ ರಾಳ ಸವರಿದ ಕಾರ್ಬನ್ ಬಟ್ಟೆಯನ್ನು ಅಳತೆಗೆ ಕತ್ತರಿಸಿ, ಉಕ್ಕಿನ ಸಲಾಕೆಯ ಮೇಲೆ ಸುತ್ತಿ, ಮೇಲೆ ಪಟ್ಟಿ ಬಿಗಿದು, ಒಲೆಯಲ್ಲಿ ಬೇಯಿಸಿ, ಆಮೇಲೆ ಸಲಾಕೆಯನ್ನು ಎಳೆದು ತೆಗೆಯುತ್ತಾನೆ. ಆ ಸಲಾಕೆ ಎಲ್ಲಿ ದಪ್ಪ, ಎಲ್ಲಿ ಸಣ್ಣ, ಬಟ್ಟೆ ಎಲ್ಲಿ ಎಷ್ಟು ಸುತ್ತು ಎಂಬುದರಲ್ಲಿಯೇ ಕೋಲಿನ ಸ್ವಭಾವ ತೀರ್ಮಾನವಾಗಿರುತ್ತದೆ. ಕೊಳವೆಯ ಮೇಲೆ ಅಚ್ಚು ಹಾಕುವುದು ಮಾತ್ರ ಟನ್ನಿನ ಸಂಖ್ಯೆಯನ್ನು.

ವಸ್ತುವಿನ ಸಂಖ್ಯೆಗಿಂತ ಆಕಾರ ಮುಖ್ಯ ಎಂಬುದಕ್ಕೆ ಸಾಕ್ಷಿ ಬಿದಿರು. ಒಣ ಕಾಡಿನ ಕಿರುಬಿದಿರು ಒಳಗೆ ಪೊಳ್ಳು ಕಡಿಮೆಯಿದ್ದು, ಕೆಲವೊಮ್ಮೆ ಪೂರ್ತಿ ಗಟ್ಟಿಯಾಗಿಯೇ ಬೆಳೆಯುತ್ತದೆ. ಲಾಠಿಗೆ ಬಳಸುವುದು ಇದನ್ನೇ. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದ ಕುಶಲಕರ್ಮಿಗಳು ಬಿದಿರನ್ನು ಸೀಳಿ ಅಂಟಿಸಿ ಮೀನಿನ ಕೋಲು ಮಾಡಲು ತೊಡಗಿದಾಗ, ಕಲ್ಕತ್ತಾ ಬಂದರಿನಿಂದ ಹೋಗುತ್ತಿದ್ದ ಈ ಜಾತಿಯ ಗಳವನ್ನೇ ನೆಚ್ಚಿಕೊಂಡಿದ್ದರು. ಚೀನಾದ ಟೊಂಕಿನ್ ಬಿದಿರು ಅದರ ಜಾಗಕ್ಕೆ ಬಂದದ್ದು ಆಮೇಲೆ. ಆಕಾರ ಬಿಟ್ಟು ವಸ್ತುವನ್ನಷ್ಟೇ ತೆಗೆದುಕೊಂಡರೆ ಬಿದಿರಿನ ಬಿಗುವು ಹೆಚ್ಚುಕಡಿಮೆ 15 ಗಿಗಾಪಾಸ್ಕಲ್, ಗಾಜಿನ ನಾರು ಮತ್ತು ರಾಳದ ಮಿಶ್ರಣದ್ದು 40ರ ಆಸುಪಾಸು, ಕಾರ್ಬನ್ ಮಿಶ್ರಣದ್ದು 130ರ ಆಸುಪಾಸು. ಇಷ್ಟನ್ನೇ ನೋಡಿದರೆ ಬಿದಿರು ಲೆಕ್ಕಕ್ಕೇ ಇಲ್ಲ. ಆದರೆ ಸಾಂದ್ರತೆಯಿಂದ ಭಾಗಿಸಿ ನೋಡಿ: ಬಿದಿರು ನೀರಿಗಿಂತ ಹಗುರ, ಸುಮಾರು 0.7, ಗಾಜಿನ ಮಿಶ್ರಣ 2ರ ಹತ್ತಿರ, ಕಾರ್ಬನ್ ಮಿಶ್ರಣ 1.6. ಆಗ ಬಿದಿರಿಗೂ ಗಾಜಿಗೂ ಬರುವ ಭಾಗಲಬ್ಧ ಹೆಚ್ಚುಕಡಿಮೆ ಒಂದೇ, ಇಪ್ಪತ್ತು–ಇಪ್ಪತ್ತೊಂದರ ಹತ್ತಿರ. ಕಾರ್ಬನ್‌ಗೆ ಎಂಬತ್ತರಷ್ಟು. ತೂಕಕ್ಕೆ ತೂಕ ಇಟ್ಟು ನೋಡಿದರೆ ಗಾಜು ಬಿದಿರನ್ನು ಮೀರಿಸಿದ್ದೇ ಇಲ್ಲ. ಆದರೂ 1940ರ ದಶಕದ ಕೊನೆಯಿಂದ ಗಾಜಿನ ಕೋಲುಗಳು ಬಿದಿರನ್ನು ಮೂಲೆಗೆ ತಳ್ಳಿದವು. ಗಾಜು ನೆನೆದು ಉಬ್ಬುವುದಿಲ್ಲ, ಅದಕ್ಕೆ ಹುಳು ಹಿಡಿಯುವುದಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಅದನ್ನು ಎಲ್ಲಿ ಬೇಕೋ ಅಲ್ಲಿ ಬೇಕಾದಷ್ಟು ದಪ್ಪಕ್ಕೆ ಸುತ್ತಬಹುದು.

ಬಿದಿರಿನ ಗೆಣ್ಣನ್ನು ಹತ್ತಿರದಿಂದ ನೋಡಬೇಕು. ಮೇದಾರರು ಬುಟ್ಟಿ ಹೆಣೆಯಲು ಸೀಳಿದ ಗಳದಲ್ಲಿ ಅದು ಸ್ಪಷ್ಟವಾಗಿ ಕಾಣುತ್ತದೆ: ಪ್ರತಿ ಗೆಣ್ಣಿಗೂ ಒಳಗೆ ಅಡ್ಡಲಾಗಿ ಒಂದು ತೆಳು ತಟ್ಟೆ, ಹೊರಚರ್ಮದ ಕಡೆ ಒತ್ತೊತ್ತಾಗಿ ಕಪ್ಪು ಚುಕ್ಕಿಗಳಂತೆ ನಾರು, ಒಳಕ್ಕೆ ಹೋದಂತೆ ವಿರಳ. ಬಾಗುವಾಗ ಅತಿ ಹೆಚ್ಚು ಎಳೆತ, ಒತ್ತಡ ಬೀಳುವುದು ಹೊರಮೈಗೆ. ನಾರು ದಟ್ಟವಾಗಿರುವುದೂ ಅಲ್ಲಿಯೇ. ಇನ್ನು ತಟ್ಟೆಯ ಕೆಲಸ. ಯಾವುದೇ ತೆಳುಗೋಡೆಯ ಕೊಳವೆ ಬಾಗಿದಾಗ ಅದರ ದುಂಡು ಬಾಯಿ ಚಪ್ಪಟೆಯಾಗತೊಡಗುತ್ತದೆ. ಚಪ್ಪಟೆಯಾದಷ್ಟೂ ಬಿಗುವು ಇಳಿಯುತ್ತದೆ, ಕೊನೆಗೆ ಕೊಳವೆ ಒಮ್ಮೆಲೇ ಮಡಚಿಕೊಳ್ಳುತ್ತದೆ. ಬ್ರೇಜಿಯರ್ ಎಂಬ ವಿಜ್ಞಾನಿ 1927ರಲ್ಲಿ ಇದರ ಗಣಿತವನ್ನು ಬರೆದರು. ಬಿದಿರಿನ ತಟ್ಟೆಗಳು ಈ ಚಪ್ಪಟೆಯಾಗುವಿಕೆಯನ್ನು ತಡೆಯುತ್ತವೆ. ಕಾರ್ಬನ್ ಕೊಳವೆಗೆ ಗೆಣ್ಣಿಲ್ಲ, ಹಾಗಾಗಿ ಒಳ್ಳೆಯ ತಯಾರಕ ಉದ್ದನಾರಿನ ಜೊತೆ ಅಡ್ಡನಾರಿನ ತೆಳು ಪದರವೊಂದನ್ನು ಸೇರಿಸುತ್ತಾನೆ. ಈ ಪದರ ಇದೆಯೋ ಇಲ್ಲವೋ, ಎಷ್ಟಿದೆ ಎಂಬುದನ್ನು ಟನ್ನಿನ ಸಂಖ್ಯೆ ತಿಳಿಸುವುದಿಲ್ಲ. ಕೋಲು ಮುರಿಯುವುದು, ಉಳಿಯುವುದು ಮಾತ್ರ ಬಹುಮಟ್ಟಿಗೆ ಆ ಪದರದ ಮೇಲೆಯೇ ನಿಂತಿದೆ.

ಹಾಗಾದರೆ ಹೆಚ್ಚು ಟನ್ನಿನ ಕಾರ್ಬನ್ ವ್ಯರ್ಥವೇ ಎಂದು ಕೇಳಬಹುದು. ಅಲ್ಲ. ಅಷ್ಟೇ ಬಿಗುವನ್ನು ಕಡಿಮೆ ತೂಕದಲ್ಲಿ ಪಡೆಯಲು ಅದೂ ಒಂದು ದಾರಿ; ಹಗುರವಾದ ತುದಿ ಬೇಗ ಸ್ಥಿರವಾಗುತ್ತದೆ, ಎಸೆತ ನೇರ ಹೋಗುತ್ತದೆ, ನೀರಿನ ತಳದಲ್ಲಿ ಎರೆ ಕಲ್ಲಿಗೆ ತಾಗಿದ್ದೂ ಕೈಗೆ ಗೊತ್ತಾಗುತ್ತದೆ. ಆದರೆ ಕೊರವನಿಗೆ ಎಸೆಯುವುದು ಜೊಂಡಿನ ಮೇಲೆ ತೇಲುವ ರಬ್ಬರ್ ಕಪ್ಪೆಯನ್ನು. ಮೀನು ಎರಗಿದ್ದು ಕಣ್ಣಿಗೇ ಕಾಣುತ್ತದೆ. ತಳದ ಸುದ್ದಿ ಇಲ್ಲಿ ಬೇಕಾಗಿಲ್ಲ. ಕೊಡಬೇಕಾದ ಬೆಲೆಯೂ ಇದೆ. ಗಾಜಿನ ನಾರು ಕಡಿಯುವ ಮೊದಲು ತನ್ನ ಉದ್ದದ ನೂರಕ್ಕೆ ನಾಲ್ಕರಷ್ಟು ಹಿಗ್ಗಬಲ್ಲದು. ಸಾಮಾನ್ಯ ಕಾರ್ಬನ್ ನಾರು ಒಂದೂವರೆಯಿಂದ ಎರಡರಷ್ಟು. 40 ಟನ್ನಿನ ನಾರು ಒಂದರ ಆಸುಪಾಸು. ತೆಳುಗೋಡೆಗೆ ಬಂಡೆಯ ಅಂಚು ತಾಗಿ ಗೀರು ಬಿದ್ದರೆ ಮುಂದಿನ ದೊಡ್ಡ ಎಳೆತಕ್ಕೆ ಅದು ಅಲ್ಲಿಯೇ ಕಡಿಯುತ್ತದೆ. ನವಿಲುತೀರ್ಥದ ಕಲ್ಲುದಂಡೆಯಲ್ಲಿ ಅಂಥ ಗೀರು ಬೀಳದೆ ಇರುವುದು ಕಷ್ಟ. ಇನ್ನೊಂದು ಮಾತನ್ನು ಹೇಳಲೇಬೇಕು: ಕಾರ್ಬನ್ ವಿದ್ಯುತ್ ಹರಿಯಬಿಡುತ್ತದೆ. ಕಾಲುವೆ ದಾಟುವ ವಿದ್ಯುತ್ ತಂತಿಗಳ ಕೆಳಗೆ ಏಳಡಿ ಕೋಲು ಎತ್ತಿ ಬೀಸಬಾರದು. ಕಾರ್ಬನ್ ಇರಲಿ, ಹಸಿ ಬಿದಿರೇ ಇರಲಿ.

ಕೋಲಿಗೂ ಮೊದಲು ತೀರ್ಮಾನಿಸಬೇಕಾದದ್ದು ದಾರ, ಯಾಕೆಂದರೆ ದಾರ ಮತ್ತು ಕೋಲು ಒಂದರ ಹಿಂದೆ ಒಂದು ಕಟ್ಟಿದ ಎರಡು ಸ್ಪ್ರಿಂಗ್‌ಗಳಂತೆ ಕೆಲಸ ಮಾಡುತ್ತವೆ. ತಂಗೂಸಿ ದಾರ ಕಡಿಯುವ ಮೊದಲು ಬಹಳ ಹಿಗ್ಗುತ್ತದೆ, ಮೀನಿನ ಜಗ್ಗಾಟದ ಪೆಟ್ಟನ್ನು ಅದೇ ನುಂಗುತ್ತದೆ. ಹೆಣೆದ ದಾರ ಹಿಗ್ಗುವುದೇ ಇಲ್ಲವೆನ್ನಬಹುದು. ಜೊಂಡಿನಲ್ಲಿ ಗಿಡ ಕೊಯ್ದುಕೊಂಡು ಬರಲು ಹೆಣೆದ ದಾರವೇ ಬೇಕು. ಆಗ ಪೆಟ್ಟು ನುಂಗುವ ಹೊಣೆ ಪೂರ್ತಿ ಕೋಲಿನ ಮೇಲೆ ಬೀಳುತ್ತದೆ. ಕೊರವನ ಬಾಯಿ ಎಲುಬಿನದು, ಗಾಳ ನಾಟಬೇಕಾದರೆ ಬುಡದಲ್ಲಿ ಬಲ ಬೇಕು. ಹಾಗೆಂದು ಬುಡದಿಂದ ತುದಿಯವರೆಗೆ ಸಲಾಕೆಯಂತಿದ್ದರೆ ಮೀನು ಕಪ್ಪೆಯನ್ನು ಕಚ್ಚುವ ಮೊದಲೇ ಅದು ಬಾಯಿಂದ ಕಿತ್ತು ಬರುತ್ತದೆ. ಮೇಲಿನ ಮೂರನೆಯ ಒಂದು ಭಾಗ ಸಲೀಸಾಗಿ ಬಾಗಿ, ಅಲ್ಲಿಂದ ಕೆಳಗೆ ಬೇಗ ಬಿಗಿಯಾಗುವ ಬ್ಲ್ಯಾಂಕು ಇದಕ್ಕೆ ತಕ್ಕದ್ದು. ಪೆಟ್ಟಿಯ ಮೇಲೆ ಅದನ್ನು ಫಾಸ್ಟ್ ಆ್ಯಕ್ಷನ್, ಮೀಡಿಯಂ ಹೆವಿ ಎಂದು ಬರೆದಿರುತ್ತಾರೆ. ಬುಡ ತೀರಾ ಮೆತ್ತಗಿದ್ದರೆ ಮೀನು ಗಿಡದ ಬುಡ ಸೇರಿ ದಣಿದು ಸಾಯುತ್ತದೆ. ಮರಿಗಳ ಹಿಂಡನ್ನು ತಾಯಿ, ತಂದೆ ಕಾಯುವ ಜಾತಿ ಇದು. ಆ ಸಮಯದಲ್ಲಿ ಗಾಳಕ್ಕೆ ಬಿದ್ದದ್ದನ್ನು ಬೇಗ ದಡಕ್ಕೆ ತಂದು ಜೀವಂತ ಬಿಡುವುದು ನಮ್ಮ ಕರ್ತವ್ಯ. ಅದಕ್ಕೂ ಬುಡದ ಬಲ ಬೇಕು.

ಫಾಸ್ಟ್, ಹೆವಿ ಎಂಬ ಮಾತುಗಳಿಗೆ ಎಲ್ಲ ಕಂಪನಿಗಳಿಗೂ ಒಪ್ಪಿಗೆಯಾದ ಅಳತೆಯಿಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಒಬ್ಬರ ಹೆವಿ ಇನ್ನೊಬ್ಬರ ಮೀಡಿಯಂ ಆಗಿರುತ್ತದೆ. ಹಾಗಾಗಿ ತೂಗಿ ನೋಡುವುದು ಒಳ್ಳೆಯದು, ಅದಕ್ಕೆ ಪ್ರಯೋಗಾಲಯ ಬೇಡ. ಹಿಡಿ ಬರುವಷ್ಟು ಬುಡವನ್ನು ಮೇಜಿನ ಅಂಚಿಗೆ ಬಿಗಿದು, ಬ್ಲ್ಯಾಂಕನ್ನು ನೆಲಕ್ಕೆ ಸಮಾನಾಂತರವಾಗಿ ಚಾಚಿ, ತುದಿಗೆ ಹಗುರವಾದ ಪ್ಲಾಸ್ಟಿಕ್ ಸೀಸೆಯೊಂದನ್ನು ಕಟ್ಟಿ, ಅಳೆದ ನೀರನ್ನು ಸ್ವಲ್ಪಸ್ವಲ್ಪವೇ ಹೊಯ್ಯಬೇಕು. ಚಾಚಿದ ಉದ್ದದ ಮೂರನೆಯ ಒಂದರಷ್ಟು ತುದಿ ಕೆಳಗಿಳಿದಾಗ ನಿಲ್ಲಿಸಬೇಕು. ಒಂದು ಮಿಲಿಲೀಟರ್ ನೀರು ಒಂದು ಗ್ರಾಂ. ಸೀಸೆಯ ತೂಕ ಕೂಡಿಸಿದರೆ ಕೋಲಿನ ಬಲ ಗ್ರಾಂ ಲೆಕ್ಕದಲ್ಲಿ ಸಿಗುತ್ತದೆ. ಅಮೆರಿಕದಲ್ಲಿ ಕೋಲು ಕಟ್ಟುವವರು ಒಂದು ಸೆಂಟಿನ ನಾಣ್ಯಗಳನ್ನು ಹಾಕಿ ಇದನ್ನೇ ಮಾಡುತ್ತಾರೆ. ಆ ಹೊತ್ತಿಗೆ ತುದಿ ಯಾವ ಕೋನಕ್ಕೆ ತಿರುಗಿದೆ ಎಂಬುದನ್ನೂ ಗುರುತಿಸಿಕೊಳ್ಳಬೇಕು: ಒಂದೇ ಇಳಿತಕ್ಕೆ ತುದಿ ಹೆಚ್ಚು ಕಡಿದಾಗಿ ತಿರುಗಿದ್ದರೆ ಬಾಗುವಿಕೆ ಮೇಲ್ಭಾಗದಲ್ಲಿದೆ, ಕಡಿಮೆ ತಿರುಗಿದ್ದರೆ ಬುಡದವರೆಗೂ ಹರಡಿದೆ. ಈ ಎರಡು ಸಂಖ್ಯೆ ಕೈಯಲ್ಲಿದ್ದರೆ ಸಾವಿರದ ಬ್ಲ್ಯಾಂಕನ್ನೂ ಹತ್ತು ಸಾವಿರದ ಬ್ಲ್ಯಾಂಕನ್ನೂ ಒಂದೇ ತಕ್ಕಡಿಯಲ್ಲಿ ತೂಗಬಹುದು.

ಕೊನೆಯದು ತುಂಡಿನ ಪ್ರಶ್ನೆ. ಅಖಂಡ ಬ್ಲ್ಯಾಂಕೇ ಶ್ರೇಷ್ಠ, ಜೋಡಣೆಯ ಜಾಗ ಬಾಗದೆ ಸೆಡೆತುಕೊಳ್ಳುತ್ತದೆ ಎಂಬ ವಾದ ಹಳೆಯದು. ಅದರಲ್ಲಿ ಸತ್ಯಾಂಶವಿದೆ, ಆದರೆ ಮೇಲಿನ ನೀರಿನ ಪರೀಕ್ಷೆಯಲ್ಲಿ ಆ ಬಿಗಿ ಜಾಗ ಕಣ್ಣಿಗೆ ಬೀಳದಿದ್ದರೆ ಮೀನಿಗೂ ಅದು ಗೊತ್ತಾಗದು. ಬೈಲಹೊಂಗಲದಿಂದ ಸವದತ್ತಿಗೆ ಬಸ್ಸಿನಲ್ಲಿ ಹೋಗುವವರಿಗೆ ಏಳಡಿಯ ಅಖಂಡ ಕೋಲು ಬಾಗಿಲಲ್ಲೇ ತುದಿ ಮುರಿದುಕೊಳ್ಳುತ್ತದೆ. ಎರಡು ತುಂಡಿನದೇ ಸರಿ. ಕಟ್ಟುವಾಗ ಜೋಡಣೆಯ ಹೆಣ್ಣುಬಾಯಿಗೆ ಹೊರಗಿನಿಂದ ನೈಲಾನ್ ನೂಲನ್ನು ಒತ್ತಾಗಿ ಸುತ್ತಿ ಎಪಾಕ್ಸಿ ಹಚ್ಚುವುದನ್ನು ಮಾತ್ರ ಬಿಡಬಾರದು, ಕೊಳವೆ ಉದ್ದಕ್ಕೆ ಸೀಳಲು ತೊಡಗುವುದು ಅಲ್ಲಿಂದಲೇ.