ಕಾರಿನ ಟೈರು: ಎಲ್ಲಿ ಉಳಿಸಬಹುದು, ಎಲ್ಲಿ ಉಳಿಸಬಾರದು

ನಾಲ್ಕು ಜನ ಕೂತ ಸಣ್ಣ ಕಾರು ಹೆಚ್ಚುಕಡಿಮೆ 1,200 ಕಿಲೋ ತೂಗುತ್ತದೆ. ಒಂದು ಚಕ್ರದ ಪಾಲಿಗೆ 300 ಕಿಲೋ. ಟೈರಿನೊಳಗೆ 32 ಪಿಎಸ್‌ಐ ಗಾಳಿ ಇದೆ ಎಂದರೆ ಚದರ ಸೆಂಟಿಮೀಟರಿಗೆ ಸುಮಾರು ಎರಡೂಕಾಲು ಕಿಲೋ ಒತ್ತಡ. ಭಾಗಿಸಿ ನೋಡಿದರೆ ಒಂದು ಟೈರು ರಸ್ತೆಗೆ ತಾಗುವ ಜಾಗ 130 ಚದರ ಸೆಂಟಿಮೀಟರಿನ ಆಸುಪಾಸು, ದೊಡ್ಡವರ ಒಂದು ಅಂಗೈಯಷ್ಟು. ಬ್ರೇಕು, ಎಬಿಎಸ್, ಪವರ್ ಸ್ಟೀರಿಂಗ್ ಎಲ್ಲವೂ ಕೆಲಸ ಮಾಡುವುದು ಆ ನಾಲ್ಕು ತುಣುಕು ರಬ್ಬರಿನ ಮೂಲಕವೇ. ಅವು ಜಾರಿದರೆ ಉಳಿದ ಯಾವುದಕ್ಕೂ ಅರ್ಥವಿಲ್ಲ.

ಆದರೂ ಕಾರಿನ ವಿಷಯದಲ್ಲಿ ನಾವು ಅತಿ ಕಡಿಮೆ ಯೋಚಿಸಿ ಕೊಳ್ಳುವ ವಸ್ತು ಟೈರೇ. ಸೀಟಿನ ಕವರಿಗೆ ನಾಲ್ಕು ಅಂಗಡಿ ತಿರುಗುವವರೂ ಟೈರಿನ ಅಂಗಡಿಯಲ್ಲಿ ಕೇಳುವುದು ಎರಡೇ ಪ್ರಶ್ನೆ: ಎಷ್ಟು ರೇಟು, ಎಷ್ಟು ಕಿಲೋಮೀಟರ್ ಬರುತ್ತದೆ? ಎರಡೂ ನ್ಯಾಯವಾದ ಪ್ರಶ್ನೆಗಳು. ಸಂಬಳದ ಲೆಕ್ಕದಲ್ಲಿ ಬದುಕುವ ಮನೆಗೆ ನಾಲ್ಕು ಟೈರು ಒಟ್ಟಿಗೆ ಹಾಕಿಸುವುದು ಭಾರದ ಖರ್ಚು. 2025ರ ಸೆಪ್ಟೆಂಬರಿನಲ್ಲಿ ಟೈರಿನ ಮೇಲಿನ ಜಿಎಸ್‌ಟಿ ಶೇಕಡ 28ರಿಂದ 18ಕ್ಕೆ ಇಳಿದ ಮೇಲೂ ಅದು ಹಗುರವೇನಲ್ಲ. ಆದರೆ ಕೇಳಲೇಬೇಕಾದ ಮೂರನೆಯ ಪ್ರಶ್ನೆಯೊಂದಿದೆ: ಒದ್ದೆ ರಸ್ತೆಯಲ್ಲಿ ಇದು ಹೇಗೆ ಹಿಡಿಯುತ್ತದೆ? ಬೇರೆಲ್ಲ ಕಡೆ ಕಾಸು ಉಳಿಸಲು ದಾರಿಗಳಿವೆ. ಇಲ್ಲಿ ಉಳಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ನಮ್ಮ ರಸ್ತೆಗಳಲ್ಲಿ ಬಹಳ ಕಾಣುವ ಸ್ವಿಫ್ಟ್ ಕಾರನ್ನೇ ತೆಗೆದುಕೊಳ್ಳೋಣ. ಅದರ ಕೆಳದರ್ಜೆಯ ಮಾದರಿಗಳ ಟೈರಿನ ಮೇಲೆ 165/80 ಆರ್ 14 85ಟಿ ಎಂದಿರುತ್ತದೆ. 165 ಎಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 80 ಎಂದರೆ ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇಕಡ 80, ಅಂದರೆ 132 ಮಿ.ಮೀ. ಆರ್ ಅಂದರೆ ರೇಡಿಯಲ್. ಒಳಗಿನ ದಾರಗಳು ಅಂಚಿನಿಂದ ಅಂಚಿಗೆ ನೇರ ಅಡ್ಡಡ್ಡಲಾಗಿ ಹಾಯುವ ರಚನೆ, ಫ್ರಾನ್ಸಿನ ಮಿಶೆಲಿನ್ ಕಂಪನಿ 1940ರ ದಶಕದಲ್ಲಿ ರೂಢಿಗೆ ತಂದದ್ದು. 14 ರಿಮ್ಮಿನ ವ್ಯಾಸ, ಇಂಚಿನಲ್ಲಿ. 85 ಎಂಬುದು ಭಾರದ ಸಂಕೇತ: ಈ ಟೈರು 515 ಕಿಲೋ ಹೊರಬಲ್ಲದು. ಟಿ ಎಂದರೆ ಗಂಟೆಗೆ 190 ಕಿ.ಮೀ. ವೇಗದವರೆಗೆ ಯೋಗ್ಯ. ಭಾರ ಮತ್ತು ವೇಗದ ಈ ಎರಡು ಸಂಕೇತಗಳು ಕಾರಿನ ಜೊತೆ ಬಂದದ್ದಕ್ಕಿಂತ ಕಡಿಮೆ ಇರಬಾರದು. ಹೆಚ್ಚಿದ್ದರೆ ತೊಂದರೆಯಿಲ್ಲ, ಆದರೆ ಅದಕ್ಕಾಗಿ ಹೆಚ್ಚು ದುಡ್ಡು ಕೊಡುವ ಅಗತ್ಯವೂ ಇಲ್ಲ.

ಉಳಿತಾಯದ ಮೊದಲ ದಾರಿ ಇಲ್ಲೇ ಇದೆ. ಅಗಲವಾದ ಟೈರು ಹಾಕಿಸಿ, ಗ್ರಿಪ್ ಚೆನ್ನಾಗಿರುತ್ತದೆ ಎಂಬ ಸಲಹೆ ಅಂಗಡಿಯಲ್ಲಿ ಸಾಮಾನ್ಯ. ತಾಗುವ ಜಾಗದ ವಿಸ್ತೀರ್ಣವನ್ನು ಬಹುಮಟ್ಟಿಗೆ ನಿರ್ಧರಿಸುವುದು ಕಾರಿನ ತೂಕ ಮತ್ತು ಗಾಳಿಯ ಒತ್ತಡ ಎಂದು ಮೇಲಿನ ಲೆಕ್ಕದಲ್ಲೇ ಕಂಡೆವು. ಟೈರು ಅಗಲವಾದರೆ ಆ ಜಾಗದ ಆಕಾರ ಬದಲಾಗುತ್ತದೆ, ಒಟ್ಟು ಅಳತೆ ಅಷ್ಟಾಗಿ ಹೆಚ್ಚುವುದಿಲ್ಲ. ಮೇಲಾಗಿ ಅಗಲದ ಟೈರು ಹೆಚ್ಚು ನೀರನ್ನು ಪಕ್ಕಕ್ಕೆ ತಳ್ಳಬೇಕು, ಬೆಲೆಯೂ ಹೆಚ್ಚು. ಕಂಪನಿ ಕೊಟ್ಟ ಅಳತೆಯಲ್ಲೇ ಇರಿ. ಅಲ್ಲಿ ಉಳಿದ ದುಡ್ಡನ್ನು ಒಳ್ಳೆಯ ರಬ್ಬರಿಗೆ ಹಾಕಿ.

ಒಳ್ಳೆಯ ರಬ್ಬರು ಎಂದರೇನು? ಟೈರಿನ ವಿಜ್ಞಾನದ ಅತ್ಯಂತ ಸ್ವಾರಸ್ಯದ ಭಾಗ ಇದು. ರಬ್ಬರು ಎರಡು ಬಗೆಯಲ್ಲಿ ರಸ್ತೆಯನ್ನು ಹಿಡಿಯುತ್ತದೆ. ಮೊದಲನೆಯದು, ಅದರ ಅಣುಗಳು ರಸ್ತೆಯ ಮೇಲ್ಮೈಗೆ ಕ್ಷಣಕಾಲ ಅಂಟಿ ಬಿಡುವುದು. ಎರಡನೆಯದು, ಜಲ್ಲಿಕಲ್ಲಿನ ಏರುತಗ್ಗಿನ ಮೇಲೆ ಅಮುಕಿಸಿಕೊಂಡ ರಬ್ಬರು ಮತ್ತೆ ಮೊದಲಿನ ಆಕಾರಕ್ಕೆ ಬರಲು ಸ್ವಲ್ಪ ತಡಮಾಡುವುದು. ಈ ತಡದಿಂದಾಗಿ ಒಂದಷ್ಟು ಶಕ್ತಿ ಶಾಖವಾಗಿ ಹೋಗುತ್ತದೆ. ಆ ನಷ್ಟವೇ ಬ್ರೇಕ್ ಒತ್ತಿದಾಗ ಕಾರನ್ನು ಜಾರದಂತೆ ತಡೆಯುತ್ತದೆ. ವಿಜ್ಞಾನಿಗಳು ಇದನ್ನು ಹಿಸ್ಟೆರಿಸಿಸ್ ಎನ್ನುತ್ತಾರೆ. ರಸ್ತೆಯ ಮೇಲೆ ನೀರಿನ ಪದರ ಕೂತಾಗ ಅಣುಗಳ ಅಂಟು ಬಹಳಷ್ಟು ಕೈಕೊಡುತ್ತದೆ. ಮಳೆಯಲ್ಲಿ ನಮ್ಮನ್ನು ಕಾಯುವುದು ಹೆಚ್ಚಾಗಿ ಈ ಎರಡನೆಯ ಗುಣ.

ಆದರೆ ಅದೇ ನಷ್ಟ ಟೈರು ಸುಮ್ಮನೆ ಉರುಳುವಾಗಲೂ ಆಗುತ್ತದೆ. ಪ್ರತಿ ಸುತ್ತಿನಲ್ಲೂ ಟೈರಿನ ಒಂದೊಂದು ಭಾಗ ನೆಲಕ್ಕೆ ಬಂದು ಚಪ್ಪಟೆಯಾಗಿ ಮತ್ತೆ ದುಂಡಗಾಗುತ್ತದೆ, ಪ್ರತಿ ಸಲವೂ ಒಂದಿಷ್ಟು ಪೆಟ್ರೋಲು ಬಿಸಿಯಾಗಿ ಗಾಳಿಗೆ ಹೋಗುತ್ತದೆ. ಹಿಡಿತ ಬೇಕೆಂದರೆ ಪೆಟ್ರೋಲು ಸುಡುತ್ತದೆ, ಪೆಟ್ರೋಲು ಉಳಿಸಹೊರಟರೆ ಕಾರು ಜಾರುತ್ತದೆ. ಮೆತ್ತನೆಯ ರಬ್ಬರು ಹಾಕಿದರೆ ಬೇಗ ಸವೆಯುತ್ತದೆ. ಹಿಡಿತ, ಬಾಳಿಕೆ, ಇಂಧನ ಈ ಮೂರರಲ್ಲಿ ಒಂದನ್ನು ಎಳೆದರೆ ಇನ್ನೊಂದು ಕುಗ್ಗುವ ಬಿಕ್ಕಟ್ಟನ್ನು ಟೈರು ತಯಾರಕರು ದಶಕಗಳ ಕಾಲ ಅನುಭವಿಸಿದರು.

ದಾರಿ ಸಿಕ್ಕಿದ್ದು ಎರಡೂ ನಷ್ಟಗಳು ನಡೆಯುವ ವೇಗ ಬೇರೆ ಬೇರೆ ಎಂಬ ಅರಿವಿನಿಂದ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಸ್ವಿಫ್ಟಿನ ಚಕ್ರ ಸೆಕೆಂಡಿಗೆ ಹನ್ನೊಂದು ಸಲ ಸುತ್ತುತ್ತದೆ. ಚಪ್ಪಟೆಯಾಗಿ ದುಂಡಗಾಗುವುದೂ ಅಷ್ಟೇ ಸಲ. ಬ್ರೇಕ್ ಒತ್ತಿದಾಗ ಜಲ್ಲಿಯ ಸಣ್ಣ ಮೊನೆಗಳ ಮೇಲೆ ರಬ್ಬರಿನ ಮೈ ಅದುರುವುದು ಸೆಕೆಂಡಿಗೆ ಸಾವಿರಾರು, ಲಕ್ಷಾಂತರ ಸಲ. ನಿಧಾನದ ಬಾಗುವಿಕೆಯಲ್ಲಿ ಕಡಿಮೆ ಶಕ್ತಿ ಕಳೆದು, ವೇಗದ ಅದುರುವಿಕೆಯಲ್ಲಿ ಹೆಚ್ಚು ಕಳೆಯುವ ರಬ್ಬರು ಸಿಕ್ಕರೆ ಎರಡೂ ಲಾಭ. ರಬ್ಬರಿಗೆ ಬೆರೆಸುವ ಕಾರ್ಬನ್ ಬ್ಲ್ಯಾಕ್ ಎಂಬ ಕರಿಪುಡಿಯ ದೊಡ್ಡ ಪಾಲನ್ನು ತೆಗೆದು ಸಿಲಿಕಾ ಬೆರೆಸಿದಾಗ ಅಂಥ ರಬ್ಬರು ದೊರೆಯಿತು. ಸಿಲಿಕಾ ಎಂದರೆ ಮರಳಿನಲ್ಲಿರುವ ವಸ್ತುವೇ, ಅತಿ ನವಿರಾದ ರೂಪದಲ್ಲಿ. 1992ರಲ್ಲಿ ಮಿಶೆಲಿನ್ ಇಂಥ ಟೈರನ್ನು ಮಾರುಕಟ್ಟೆಗೆ ತಂದಿತು. ಸಿಲಿಕಾ ತಾನಾಗಿ ರಬ್ಬರಿನೊಂದಿಗೆ ಬೆರೆಯುವುದಿಲ್ಲ. ಎರಡನ್ನೂ ಕೂಡಿಸಲು ಸಿಲೇನ್ ಎಂಬ ರಾಸಾಯನಿಕ ಬೇಕು, ಕಲಸುವಾಗ ಉಷ್ಣತೆಯ ಮೇಲೆ ಕಟ್ಟುನಿಟ್ಟಿನ ಹಿಡಿತ ಬೇಕು. ಖರ್ಚು ಅಲ್ಲಿದೆ. ಒಂದೇ ಅಳತೆಯ, ನೋಡಲು ಒಂದೇ ಥರದ ಎರಡು ಟೈರುಗಳ ಬೆಲೆಯಲ್ಲಿ ಕಾಣುವ ವ್ಯತ್ಯಾಸಕ್ಕೆ ಹಲವು ಸಲ ಕಾರಣ ಕಣ್ಣಿಗೆ ಕಾಣದ ಈ ಕಲಸುವಿಕೆ.

ಅದರ ಬೆಲೆಯನ್ನು ಒಂದು ಲೆಕ್ಕದಲ್ಲಿ ನೋಡಬಹುದು. ಒದ್ದೆ ರಸ್ತೆಯಲ್ಲಿ ಒಂದು ಟೈರಿನ ಘರ್ಷಣಾಂಕ 0.7, ಇನ್ನೊಂದರದು 0.5 ಎಂದಿಟ್ಟುಕೊಳ್ಳಿ. ಎರಡು ಕಾರುಗಳು ಅಕ್ಕಪಕ್ಕ 80ರ ವೇಗದಲ್ಲಿ ಹೋಗುತ್ತಾ ಒಂದೇ ಕ್ಷಣದಲ್ಲಿ ಬ್ರೇಕ್ ಹಾಕಿದರೆ ಮೊದಲನೆಯದು 36 ಮೀಟರಿನಲ್ಲಿ ನಿಲ್ಲುತ್ತದೆ, ಎರಡನೆಯದಕ್ಕೆ 50 ಮೀಟರ್ ಬೇಕು. ಹದಿನಾಲ್ಕು ಮೀಟರ್ ತಾನೇ ಎನ್ನಿಸಬಹುದು. ಆದರೆ ಮೊದಲ ಕಾರು ಪೂರ್ತಿ ನಿಂತ ಜಾಗವನ್ನು ಎರಡನೆಯ ಕಾರು ದಾಟುವಾಗ ಅದರ ವೇಗ ಇನ್ನೂ ಗಂಟೆಗೆ 43 ಕಿ.ಮೀ. ಇರುತ್ತದೆ. ಆ ಜಾಗದಲ್ಲಿ ರಸ್ತೆ ದಾಟುತ್ತಿರುವ ಮಗುವೊಂದಿದ್ದರೆ ಟೈರಿಗೆ ಉಳಿಸಿದ ಐನೂರು ರೂಪಾಯಿ ಏನು ಮಾಡಬಲ್ಲದು ಎಂದು ಯೋಚಿಸಿ.

ರಬ್ಬರು ಎಷ್ಟೇ ಚೆನ್ನಾಗಿರಲಿ, ಅದು ಮೊದಲು ರಸ್ತೆಯನ್ನು ಮುಟ್ಟಬೇಕು. ರಸ್ತೆಯ ಮೇಲೆ 3 ಮಿ.ಮೀ. ನೀರು ನಿಂತಿದ್ದು 80ರ ವೇಗದಲ್ಲಿ ಹೋಗುತ್ತಿದ್ದರೆ 165 ಮಿ.ಮೀ. ಅಗಲದ ಟೈರು ಸೆಕೆಂಡಿಗೆ 11 ಲೀಟರ್ ನೀರನ್ನು ದಾರಿಯಿಂದ ತೆಗೆಯಬೇಕು. ಟೈರಿನ ಮೈಮೇಲಿನ ಕಾಲುವೆಗಳು ಇರುವುದೇ ಅದಕ್ಕೆ. ನೀರು ಹೊರಹೋಗಲು ಆಸ್ಪದ ಸಿಗದಿದ್ದರೆ ಟೈರು ನೀರಿನ ಮೇಲೆ ತೇಲುತ್ತದೆ, ಸ್ಟೀರಿಂಗ್ ತಿರುಗಿಸಿದರೂ ಕಾರು ತಿರುಗುವುದಿಲ್ಲ. ಅಮೆರಿಕದ ನಾಸಾ ಸಂಸ್ಥೆ 1960ರ ದಶಕದಲ್ಲಿ ವಿಮಾನದ ಟೈರುಗಳನ್ನು ಪರೀಕ್ಷಿಸಿ, ಹೀಗೆ ತೇಲಲು ಶುರುವಾಗುವ ವೇಗ ಗಾಳಿಯ ಒತ್ತಡದ ವರ್ಗಮೂಲಕ್ಕೆ ಅನುಗುಣವಾಗಿರುತ್ತದೆ ಎಂದು ಕಂಡುಕೊಂಡಿತು. ಆ ಸೂತ್ರವನ್ನು ಕಾರಿಗೆ ಸ್ಥೂಲವಾಗಿ ಅನ್ವಯಿಸಿದರೆ, 32 ಪಿಎಸ್‌ಐ ಗಾಳಿಯಿರುವ ಬೋಳು ಟೈರು ನಿಂತ ನೀರಿನಲ್ಲಿ 94 ಕಿ.ಮೀ. ವೇಗಕ್ಕೆ ತೇಲುತ್ತದೆ, ಗಾಳಿ 24ಕ್ಕೆ ಇಳಿದಿದ್ದರೆ 82ಕ್ಕೇ ತೇಲುತ್ತದೆ. ಟೈರು ತಿಂಗಳಿಗೆ ಸುಮಾರು ಒಂದು ಪಿಎಸ್‌ಐ ಗಾಳಿಯನ್ನು ತಾನಾಗಿ ಕಳೆದುಕೊಳ್ಳುತ್ತದೆ. ಮೂರು ತಿಂಗಳು ನೋಡದಿದ್ದರೆ ಏನಾಗುತ್ತದೆಂದು ನೀವೇ ಲೆಕ್ಕ ಹಾಕಬಹುದು. ಗಾಳಿಯನ್ನು ಬೆಳಗ್ಗೆ ಟೈರು ತಣ್ಣಗಿರುವಾಗಲೇ ನೋಡಿಸಬೇಕು. ನೈಟ್ರೋಜನ್‌ಗೆ ಬೇರೆ ದುಡ್ಡು ಕೊಡುವುದು ಬೇಡ. ಮಾಮೂಲಿ ಗಾಳಿಯಲ್ಲೇ ಶೇಕಡ 78ರಷ್ಟು ನೈಟ್ರೋಜನ್ ಇದೆ.

ಕಾನೂನಿನ ಪ್ರಕಾರ ಕಾಲುವೆಯ ಆಳ 1.6 ಮಿ.ಮೀ.ಗೆ ಇಳಿದರೆ ಟೈರಿನ ಆಯುಸ್ಸು ಮುಗಿಯಿತು. ಅದನ್ನು ತೋರಿಸಲೆಂದೇ ಕಾಲುವೆಯೊಳಗೆ ಅಡ್ಡಕ್ಕೆ ಸಣ್ಣ ದಿಬ್ಬಗಳಿರುತ್ತವೆ. ಸುತ್ತಲಿನ ರಬ್ಬರು ಅವುಗಳ ಮಟ್ಟಕ್ಕೆ ಸವೆದಾಗ ಬದಲಿಸಲೇಬೇಕು. ಆದರೆ ಒದ್ದೆ ರಸ್ತೆಯ ಹಿಡಿತ ಅದಕ್ಕೆ ಬಹಳ ಮುಂಚೆಯೇ ಕುಸಿಯಲು ಶುರುವಾಗಿರುತ್ತದೆ. ಶಿರಾಡಿ, ಚಾರ್ಮಾಡಿ, ಆಗುಂಬೆಯ ಘಾಟಿಗಳಲ್ಲಿ ಮಳೆಗಾಲದಲ್ಲಿ ಓಡಾಡುವವರು 3 ಮಿ.ಮೀ.ಗೇ ಬದಲಿಸುವುದು ಒಳ್ಳೆಯದು.

ಈಗ ಎಷ್ಟು ಕಿಲೋಮೀಟರ್ ಬರುತ್ತದೆ ಎಂಬ ಪ್ರಶ್ನೆಗೆ ಬರೋಣ. ಉತ್ತರ ಕಾರಿಗಿಂತ ಹೆಚ್ಚಾಗಿ ನಿಮ್ಮನ್ನು ಅವಲಂಬಿಸಿದೆ. ಟ್ಯಾಕ್ಸಿ ಓಡಿಸುವವರು ತಿಂಗಳಿಗೆ ನಾಲ್ಕೈದು ಸಾವಿರ ಕಿ.ಮೀ. ಓಡಿಸಬಹುದು. ಅವರಿಗೆ ಬಾಳಿಕೆಯ ಟೈರು ಬೇಕು, ಅದು ಅವರ ಹೊಟ್ಟೆಪಾಡು. ಆದರೆ ವಾರಕ್ಕೊಮ್ಮೆ ದೇವಸ್ಥಾನಕ್ಕೆ, ಹಬ್ಬಕ್ಕೆ ಊರಿಗೆ ಎಂದು ವರ್ಷಕ್ಕೆ 6,000 ಕಿ.ಮೀ. ಓಡಿಸುವ ಮನೆಯವರಿಗೆ 50,000 ಕಿ.ಮೀ. ಬರುವ ಟೈರನ್ನು ಸವೆಸಲು ಎಂಟು ವರ್ಷ ಬೇಕು. ಅಷ್ಟರಲ್ಲಿ ಅದು ಮುಪ್ಪಾಗಿರುತ್ತದೆ. ಆಮ್ಲಜನಕ, ಓಝೋನ್, ಬಿಸಿಲು ಮೂರೂ ಸೇರಿ ರಬ್ಬರನ್ನು ಗಡುಸು ಮಾಡುತ್ತವೆ, ಪಕ್ಕದ ಗೋಡೆಯಲ್ಲಿ ಸಣ್ಣ ಬಿರುಕುಗಳು ಕಾಣಿಸುತ್ತವೆ. ಐದು ವರ್ಷ ದಾಟಿದ ಟೈರನ್ನು ವರ್ಷಕ್ಕೊಮ್ಮೆ ಪರೀಕ್ಷಿಸಬೇಕು, ಹತ್ತು ವರ್ಷ ಮೀರಿ ಬಳಸಲೇಬಾರದು ಎಂದು ತಯಾರಕರೇ ಹೇಳುತ್ತಾರೆ. ರಾಯಚೂರು, ಕಲಬುರಗಿಯ ಬಿಸಿಲಿನಲ್ಲಿ ನಿಲ್ಲುವ ಕಾರಿಗೆ ಹತ್ತರ ತನಕ ಕಾಯಿರಿ ಎಂದು ನಾನಂತೂ ಹೇಳಲಾರೆ. ಕಡಿಮೆ ಓಡಿಸುವವರು ದೀರ್ಘ ಬಾಳಿಕೆಗೆ ಕೊಡುವ ದುಡ್ಡು ವ್ಯರ್ಥ. ಅದೇ ದುಡ್ಡಿಗೆ ಮಳೆಯಲ್ಲಿ ಚೆನ್ನಾಗಿ ಹಿಡಿಯುವ ಟೈರು ಸಿಗುತ್ತದೆ.

ಹೊಸ ಟೈರೆಂದು ಕೊಡುವುದು ನಿಜವಾಗಿ ಹೊಸದೇ ಎಂಬುದನ್ನೂ ನೋಡಬೇಕು. ಪಕ್ಕದ ಗೋಡೆಯ ಮೇಲೆ ನಾಲ್ಕಂಕಿಯ ಸಂಖ್ಯೆಯೊಂದಿರುತ್ತದೆ. 2325 ಎಂದಿದ್ದರೆ 2025ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು. ಆರು ತಿಂಗಳೊಳಗಿನದು ಸಿಕ್ಕರೆ ಸಂತೋಷ. ವರ್ಷ ದಾಟಿದ್ದರೆ ಬೆಲೆ ಇಳಿಸಿ ಎಂದು ಕೇಳಿ, ಎರಡು ದಾಟಿದ್ದರೆ ಬೇರೆಯದನ್ನು ತೋರಿಸಲು ಹೇಳಿ. ಐಎಸ್ಐ ಗುರುತು ಕಡ್ಡಾಯ. ಇದರ ಜೊತೆಗೆ 2022ರಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಉರುಳುವಾಗಿನ ನಷ್ಟ, ಒದ್ದೆ ಹಿಡಿತ, ಸದ್ದು ಈ ಮೂರಕ್ಕೂ ಕನಿಷ್ಠ ಮಟ್ಟವನ್ನು ಗೊತ್ತುಮಾಡಿತು. ಯುರೋಪಿನ ಒಪ್ಪಿಗೆ ಪಡೆದ ಟೈರುಗಳ ಮೇಲೆ ವೃತ್ತದೊಳಗೆ ಇ ಅಕ್ಷರ, ಅದರ ಪಕ್ಕದ ಸಂಖ್ಯೆಯ ಕೊನೆಯಲ್ಲಿ ಎಸ್, ಡಬ್ಲ್ಯು, ಆರ್ ಅಕ್ಷರಗಳಿರುತ್ತವೆ. ಡಬ್ಲ್ಯು ಇದ್ದರೆ ಒದ್ದೆ ಹಿಡಿತದ ಪರೀಕ್ಷೆ ಪಾಸಾಗಿದೆ ಎಂದರ್ಥ. ಕಡಿಮೆ ಬೆಲೆಯ ಎರಡು ಟೈರುಗಳ ನಡುವೆ ಆಯ್ಕೆ ಕಷ್ಟವಾದಾಗ ನಾನು ನೋಡುವ ಗುರುತು ಇದು.

ದೇಶೀ ಬ್ರ್ಯಾಂಡ್ ಸಾಕೇ ಎಂದು ಕೇಳುವವರಿದ್ದಾರೆ. ಸಾಕು. ಎಂಆರ್‌ಎಫ್, ಅಪೊಲೊ, ಸಿಯಟ್, ಜೆಕೆ ಎಲ್ಲವೂ ದಶಕಗಳಿಂದ ನಮ್ಮ ರಸ್ತೆಗಳಿಗೆ ಟೈರು ಮಾಡುತ್ತಿವೆ. ಜೆಕೆ ಕಂಪನಿಯ ಮೈಸೂರಿನ ಕಾರ್ಖಾನೆ 1997ರವರೆಗೆ ನಮ್ಮದೇ ವಿಕ್ರಾಂತ್ ಟೈರ್ಸ್ ಆಗಿತ್ತು. ಬ್ರ್ಯಾಂಡಿಗಿಂತ ಆ ಬ್ರ್ಯಾಂಡಿನ ಯಾವ ಮಾದರಿ ಎಂಬುದು ಮುಖ್ಯ. ಒಂದೇ ಕಂಪನಿ ಟ್ಯಾಕ್ಸಿಗೊಂದು, ಇಂಧನ ಉಳಿತಾಯಕ್ಕೊಂದು, ಹಿಡಿತಕ್ಕೊಂದು ಮಾದರಿ ಮಾಡುತ್ತದೆ.

ಇಂಧನದ ಲೆಕ್ಕವನ್ನೂ ಮಾಡಿಬಿಡೋಣ. ಉರುಳುವಾಗಿನ ನಷ್ಟ ಶೇಕಡ 10ರಷ್ಟು ಕಡಿಮೆಯಾದರೆ ಪೆಟ್ರೋಲು ಶೇಕಡ 1ರಿಂದ 2ರಷ್ಟು ಉಳಿಯುತ್ತದೆ. ಲೀಟರಿಗೆ 18 ಕಿ.ಮೀ. ಕೊಡುವ ಕಾರು 40,000 ಕಿ.ಮೀ. ಓಡಲು ಸುಮಾರು 2,200 ಲೀಟರ್ ಕುಡಿಯುತ್ತದೆ. ಶೇಕಡ ಒಂದೂವರೆ ಎಂದರೆ 33 ಲೀಟರ್, ಇಂದಿನ ದರದಲ್ಲಿ ಮೂರು ಸಾವಿರಕ್ಕೂ ಮೇಲೆ. ಟೈರೊಂದಕ್ಕೆ ಎಂಟುನೂರು ರೂಪಾಯಿ. ಹೊಸ ಟೈರು ಹಾಕಿಸಿದ ಮೇಲೆ ಮೈಲೇಜು ಇಳಿಯಿತು ಎಂಬ ದೂರು ಸಾಮಾನ್ಯ. ಹೊಸ ಟೈರಿನ ದಪ್ಪ ರಬ್ಬರು ಹೆಚ್ಚು ಶಕ್ತಿ ತಿನ್ನುವುದು ನಿಜ. ಆದರೆ ದೂರಿನ ಒಂದು ಪಾಲು ಮೀಟರಿನದು. 6 ಮಿ.ಮೀ. ಸವೆದ ಟೈರಿನ ಸುತ್ತಳತೆ ಶೇಕಡ 2ರಷ್ಟು ಕಡಿಮೆಯಾಗಿರುತ್ತದೆ. ಅಷ್ಟೇ ದೂರಕ್ಕೆ ಅದು ಹೆಚ್ಚು ಸುತ್ತು ಸುತ್ತಿ ಮೀಟರಿನಲ್ಲಿ ಹೆಚ್ಚು ಕಿಲೋಮೀಟರ್ ತೋರಿಸುತ್ತಿತ್ತು. ಹೊಸ ಟೈರು ನಿಜದ ಲೆಕ್ಕಕ್ಕೆ ಹತ್ತಿರ ತರುತ್ತದೆ, ಅಷ್ಟೆ.

ರಸ್ತೆಬದಿಯಲ್ಲಿ ಸಿಗುವ ಸೆಕೆಂಡ್ ಹ್ಯಾಂಡ್ ಟೈರು, ಸವೆದ ಮೈಗೆ ಮತ್ತೆ ಕಾಲುವೆ ಕೊರೆದ ಟೈರು ಇವೆರಡನ್ನೂ ಮುಟ್ಟಬೇಡಿ. ಕೊರೆದಷ್ಟೂ ಒಳಗಿನ ಉಕ್ಕಿನ ತಂತಿಗಳ ಮೇಲೆ ಉಳಿದ ರಬ್ಬರು ತೆಳುವಾಗುತ್ತದೆ. ಬಿಸಿಯಲ್ಲಿ ಅಂಥದ್ದು ಒಡೆಯುತ್ತದೆ. ಹೊಸ ಟೈರು ಹಾಕಿಸಿದ ದಿನವೇ ಅಲೈನ್‌ಮೆಂಟ್ ಮಾಡಿಸುವುದು ಮಾತ್ರ ತಪ್ಪಬಾರದು. ಚಕ್ರ ನೇರ ದಿಕ್ಕಿನಿಂದ ಅರ್ಧ ಡಿಗ್ರಿ ಓರೆಯಾಗಿದ್ದರೂ ಪ್ರತಿ ಕಿಲೋಮೀಟರಿಗೆ ಟೈರು ಸುಮಾರು ಒಂಬತ್ತು ಮೀಟರಿನಷ್ಟು ಅಡ್ಡಕ್ಕೆ ಉಜ್ಜಿಸಿಕೊಳ್ಳುತ್ತದೆ. ಎಂಥ ಒಳ್ಳೆಯ ಟೈರೂ ಅದರಲ್ಲಿ ಉಳಿಯುವುದಿಲ್ಲ.

ನಾಲ್ಕಕ್ಕೂ ಒಟ್ಟಿಗೆ ದುಡ್ಡು ಹೊಂದದಿದ್ದರೆ ಒಂದೇ ಅಚ್ಚಿನ ಎರಡನ್ನು ಬದಲಿಸಬಹುದು. ಆಗ ಹೊಸ ಜೋಡಿ ಹಿಂದಕ್ಕೆ ಹೋಗಬೇಕು. ಎಂಜಿನ್ನು ತಿರುಗಿಸುವುದು ಮುಂದಿನ ಚಕ್ರಗಳನ್ನು, ಹೊಸದು ಮುಂದಿರಲಿ ಎಂದು ಅಂಗಡಿಯವರೇ ಹೇಳಬಹುದು, ಒಪ್ಪಬೇಡಿ. ಮುಂದಿನ ಚಕ್ರ ಜಾರಿದರೆ ಕಾರು ತಿರುವಿನಲ್ಲಿ ನೇರಕ್ಕೆ ಹೋಗಲು ನೋಡುತ್ತದೆ, ಸ್ಟೀರಿಂಗಿನಲ್ಲೇ ಅದು ಗೊತ್ತಾಗುತ್ತದೆ, ಕಾಲು ತೆಗೆದು ವೇಗ ಇಳಿಸಿದರೆ ಹತೋಟಿಗೆ ಬರುತ್ತದೆ. ಹಿಂದಿನ ಚಕ್ರ ಜಾರಿದರೆ ಕಾರು ಬುಗುರಿಯಾಗುತ್ತದೆ, ಅದನ್ನು ಹಿಡಿಯುವ ಕೌಶಲ ನಮ್ಮಲ್ಲಿ ಬಹುತೇಕರಿಗಿಲ್ಲ. ಎರಡೇ ಟೈರಿಗೆ ಹಣವಿದ್ದರೆ ಎರಡನ್ನೇ ಕೊಳ್ಳಿ, ಮಳೆಯಲ್ಲಿ ಹಿಡಿಯುವಂಥದ್ದನ್ನೇ ಕೊಳ್ಳಿ, ಹಿಂದಕ್ಕೇ ಹಾಕಿಸಿ. ಜೂನ್ ತನಕ ಕಾಯದೆ ಮೇ ತಿಂಗಳಲ್ಲೇ ಹಾಕಿಸಿ.